ಹೈ ರಿಸ್ಕ್ ಕಾಗದಕ್ಕೆ ಸಹಿ ಹಾಕಿಸಿದರೆ ವಿಷಯ ತಿಳಿಸಿದ ಹಾಗಾಯಿತೇ?

ಹೋದ ವರ್ಷ ಮಳೆಗಾಲದಲ್ಲಿ ಮುಂಬೈನ ಒಂದು ಆಸ್ಪತ್ರೆಯ ಹೆರಿಗೆ ಓಪಿಡಿಯಲ್ಲಿ ನಾನು ಒಬ್ಬ ಹುಡುಗಿಯ ಜೊತೆ ಕೂತಿದ್ದೆ. ಕಲಬುರಗಿ ಕಡೆಯವಳು. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ಅವಳ ಮನೆ. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಅವಳಿಗೆ ಮರಾಠಿ ಬರುವುದಿಲ್ಲ, ಹಿಂದಿ ಅರ್ಧಂಬರ್ಧ. ಅದಕ್ಕೇ ನನ್ನನ್ನು ಕರೆದಿದ್ದಳು. ಚೊಚ್ಚಲ ಬಸುರಿ, ನಾಲ್ಕು ತಿಂಗಳು ತುಂಬಿತ್ತು. ಹದಿನಾರನೇ ವಯಸ್ಸಿನಿಂದ ಫಿಟ್ಸ್ ಇದೆ, ಮಾತ್ರೆ ನಡೆದಿದೆ.

ನರ್ಸ್ ಒಂದು ಕಾಗದ ತಂದು ಮುಂದಿಟ್ಟರು. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಮರಾಠಿ. ಹೆಸರು 'ಹೈ ರಿಸ್ಕ್ ಕನ್ಸೆಂಟ್'. ತಾಯಿಗೂ ಮಗುವಿಗೂ ಇರುವ ಅಪಾಯವನ್ನೆಲ್ಲ ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು. "ಇಥೆ ಸಹಿ ಕರಾ" ಅಂದರು. ಅವಳು ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಅಕ್ಕಾ, ಈ ಗುಳಿಗಿ ತಗೊಂಡ್ರ ಕೂಸಿಗಿ ಏನರ ಆಗ್ತದೇನು?"

ಆರು ವರ್ಷದಿಂದ ಅವಳು ನುಂಗುತ್ತಿದ್ದದ್ದು ಸೋಡಿಯಂ ವ್ಯಾಲ್ಪ್ರೊಯೇಟ್. ಆ ಪ್ರಶ್ನೆಗೆ ಉತ್ತರ ಮದುವೆಗೆ ಮುಂಚೆಯೇ ಸಿಗಬೇಕಿತ್ತು. ಯಾರೂ ಹೇಳಿರಲಿಲ್ಲ. ಮದುವೆಯಾದ ಮೇಲೂ ಹೇಳಿರಲಿಲ್ಲ. ಪ್ರತಿ ಮೂರು ತಿಂಗಳಿಗೆ ಒಬ್ಬರಲ್ಲ ಒಬ್ಬರು ಡಾಕ್ಟರು ಅದೇ ಚೀಟಿಯನ್ನು ಮತ್ತೆ ಬರೆದುಕೊಟ್ಟಿದ್ದರು, ಅಷ್ಟೇ.

ಬಸುರಿಯಲ್ಲಿ ನರಗಳ ಕಾಯಿಲೆ ಇದ್ದಾಗ ಡಾಕ್ಟರ ಕಾನೂನು ಜವಾಬ್ದಾರಿ ಏನು ಅಂತ ಕೇಳಿದರೆ, ನಮ್ಮ ಜನ ಮೊದಲು ನೆನೆಸಿಕೊಳ್ಳುವುದು ಆಪರೇಷನ್ ಕೆಟ್ಟಿತು, ತಪ್ಪು ಇಂಜೆಕ್ಷನ್ ಕೊಟ್ಟರು ಎಂಬಂಥ ಸಂಗತಿಗಳನ್ನು. ಅವೂ ಇವೆ. ಆದರೆ ಇಲ್ಲಿ ಜಾಸ್ತಿ ಹಾನಿ ಆಗುವುದು ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ಹೋಗುವುದರಿಂದ. ಕಾನೂನು ಇದನ್ನು ಬರೀ ಸೌಜನ್ಯದ ವಿಷಯ ಅಂತ ಬಿಟ್ಟಿಲ್ಲ. ಅದನ್ನು ಕರ್ತವ್ಯ ಎಂದೇ ಎಣಿಸುತ್ತದೆ.

ಒಂದು ಮಾತ್ರೆಯ ಕಥೆ

ವ್ಯಾಲ್ಪ್ರೊಯೇಟ್ ಕೆಟ್ಟ ಮಾತ್ರೆಯಲ್ಲ. ಕೆಲವು ಬಗೆಯ ಮೂರ್ಛೆ ರೋಗಕ್ಕೆ ಅದರಷ್ಟು ಚೆನ್ನಾಗಿ ಹಿಡಿತ ಕೊಡುವ ಔಷಧ ಕಡಿಮೆ. ಬೆಲೆಯೂ ಕಮ್ಮಿ. ಮೈಗ್ರೇನ್ ತಡೆಯಲು, ಮನಸ್ಸಿನ ಏರುಪೇರಿನ ಕಾಯಿಲೆಗೂ ಇದನ್ನೇ ಬರೆಯುತ್ತಾರೆ. ಹಾಗಾಗಿ ಫಿಟ್ಸ್ ಇಲ್ಲದ ಹೆಣ್ಣುಮಕ್ಕಳ ಚೀಟಿಯಲ್ಲೂ ಇದು ಇರುತ್ತದೆ.

ಆದರೆ ಗರ್ಭದಲ್ಲಿರುವ ಮಗುವಿಗೆ ಇದು ಕಷ್ಟ ಕೊಡುತ್ತದೆ. ಯಾವ ಮಾತ್ರೆಯನ್ನೂ ತಗೊಳ್ಳದ ತಾಯಂದಿರ ಮಕ್ಕಳಲ್ಲೂ ನೂರಕ್ಕೆ 2-3 ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ಅಂಗದೋಷ ಇರುತ್ತದೆ. ವ್ಯಾಲ್ಪ್ರೊಯೇಟ್ ತಗೊಂಡವರಲ್ಲಿ ಅದು ಸುಮಾರು ನೂರಕ್ಕೆ 10. ಬೆನ್ನುಹುರಿ ಸರಿಯಾಗಿ ಮುಚ್ಚದಿರುವುದು, ಸೀಳು ತುಟಿ, ಹೃದಯದ ತೊಂದರೆ, ಹೀಗೆ. ಅದಕ್ಕಿಂತ ದೊಡ್ಡ ಸಂಖ್ಯೆ ಕಣ್ಣಿಗೆ ಬೇಗ ಕಾಣುವುದಿಲ್ಲ. ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ನಡವಳಿಕೆಯ ಬೆಳವಣಿಗೆ ಹಿಂದೆ ಬೀಳಬಹುದು. ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಇಲ್ಲಿ ಸಮಯ ತುಂಬಾ ಮುಖ್ಯ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ನಿಂತು ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಮುಟ್ಟು ತಪ್ಪಿ, ಟೆಸ್ಟ್ ಮಾಡಿ, ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಅಂದರೆ ಈ ಮಾತನ್ನು ಹೇಳಬೇಕಾದವರು ಹೆರಿಗೆ ಡಾಕ್ಟರಲ್ಲ. ಮದುವೆ ವಯಸ್ಸಿನ ಹುಡುಗಿಗೆ ಮೊದಲ ಚೀಟಿ ಬರೆದವರು. ಆಗಲೇ ಬೇರೆ ಮಾತ್ರೆ ಹೊಂದುತ್ತದೆಯೇ ಅಂತ ನೋಡಬಹುದು, ಫೋಲಿಕ್ ಆಸಿಡ್ ಶುರು ಮಾಡಬಹುದು, ಮಗು ಯಾವಾಗ ಬೇಕು ಅಂತ ಮಾತಾಡಬಹುದು. ಕೆಲವು ಫಿಟ್ಸ್ ಮಾತ್ರೆಗಳು, ಉದಾಹರಣೆಗೆ ಕಾರ್ಬಮಜೆಪಿನ್, ಫಿನಿಟಾಯಿನ್, ಗರ್ಭ ತಡೆಯುವ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಅದನ್ನೂ ಹೇಳಬೇಕಲ್ವಾ?

ಫ್ರಾನ್ಸ್‌ನಲ್ಲಿ ಇದು ದೇಶವನ್ನೇ ಅಲುಗಿಸಿತು. 1967ರಿಂದ 2016ರ ನಡುವೆ ಈ ಔಷಧದಿಂದ 2,150ರಿಂದ 4,100 ಮಕ್ಕಳಿಗೆ ದೊಡ್ಡ ಅಂಗದೋಷ ಬಂದಿರಬಹುದು ಎಂದು ಅಲ್ಲಿನ ಸರ್ಕಾರಿ ಸಂಸ್ಥೆಗಳೇ 2017ರಲ್ಲಿ ಲೆಕ್ಕ ಕೊಟ್ಟವು. 2022ರ ಜನವರಿಯಲ್ಲಿ ಪ್ಯಾರಿಸ್‌ನ ನ್ಯಾಯಾಲಯ, ತಯಾರಕ ಕಂಪನಿ ಸನೋಫಿ ಎಚ್ಚರ ವಹಿಸುವಲ್ಲಿ, ಮಾಹಿತಿ ಕೊಡುವಲ್ಲಿ ತಪ್ಪಿದೆ ಎಂದು ಹೇಳಿತು. ಬ್ರಿಟನ್‌ನಲ್ಲಿ 2018ರಿಂದ ಮಗು ಆಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಮಾತ್ರೆ ಕೊಡಬೇಕಾದರೆ ಪ್ರತಿ ವರ್ಷ ತಜ್ಞರು ಕೂರಿಸಿ ವಿವರಿಸಿ ಸಹಿ ಪಡೆಯಬೇಕು. 2024ರಿಂದ ನಿಯಮ ಇನ್ನೂ ಬಿಗಿ. 55 ವರ್ಷದೊಳಗಿನವರಿಗೆ ಹೊಸದಾಗಿ ಶುರು ಮಾಡಲು ಇಬ್ಬರು ತಜ್ಞರು ಒಪ್ಪಬೇಕು. ನಾನು ಹೋಗಿಬಂದ ಮುಂಬೈನ ಯಾವ ಓಪಿಡಿಯಲ್ಲೂ ಅಂಥ ಒಂದು ಫಾರಂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಕೈಮುಗಿದು ಹೇಳುತ್ತೇನೆ. ತಟ್ಟನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. "ಬಸುರಿ ಆದ್ಯಲ್ಲ, ಇನ್ನು ಎಲ್ಲ ಮಾತ್ರೆ ಬಿಡು" ಅನ್ನುವ ಡಾಕ್ಟರೂ ತಪ್ಪು ಮಾಡುತ್ತಿದ್ದಾರೆ, ಏನೂ ಹೇಳದೆ ಅದೇ ಮಾತ್ರೆ ಬರೆಯುವವರೂ ತಪ್ಪು ಮಾಡುತ್ತಿದ್ದಾರೆ. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ನಂಥ ಮಾತ್ರೆಗಳಲ್ಲಿ ಮಗುವಿಗೆ ಅಪಾಯ ತುಂಬಾ ಕಡಿಮೆ. ಆದರೆ ಅವನ್ನೂ ಕೊಟ್ಟು ಸುಮ್ನೆ ಕೂರುವ ಹಾಗಿಲ್ಲ. ಬಸುರಿಯಲ್ಲಿ ಲ್ಯಾಮೊಟ್ರಿಜಿನ್ ಮೈಯಿಂದ ಬೇಗ ಹೊರಹೋಗುತ್ತದೆ. ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಡೋಸ್ ಏರಿಸಬೇಕಾಗುತ್ತದೆ. ಹೆರಿಗೆಯಾದ ಮೇಲೆ ಮತ್ತೆ ಇಳಿಸದಿದ್ದರೆ ಬಾಣಂತಿಗೆ ತಲೆಸುತ್ತು, ತೂಗಾಟ.

ಒಂದು ಸಮಾಧಾನದ ಮಾತೂ ಇದೆ. ಮೂರ್ಛೆ ರೋಗ ಇರುವ ಹೆಣ್ಣುಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಆರೋಗ್ಯವಾದ ಮಕ್ಕಳನ್ನೇ ಹೆರುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1998ರಿಂದ ಇಂಥ ಬಸುರಿಯರ ಲೆಕ್ಕ ಇಟ್ಟು, ಹಿಂಬಾಲಿಸಿ ನೋಡುತ್ತಾ ಬಂದಿದೆ. ನಮ್ಮ ದೇಶದ ಹೆಣ್ಣುಮಕ್ಕಳ ಅನುಭವದಿಂದಲೇ ಬಂದ ತಿಳಿವಳಿಕೆ ಇದೆ. ಅದು ಓಪಿಡಿಯ ಮೇಜು ದಾಟಿ ಬರಬೇಕು.

ಪುಣೆಯ ಒಂದು ಹಳೇ ಕೇಸು

ಭಾರತದಲ್ಲಿ ಡಾಕ್ಟರ ಕರ್ತವ್ಯ ಏನು ಅನ್ನುವ ಚರ್ಚೆ ಎಲ್ಲಿ ಶುರುವಾದರೂ ಕೊನೆಗೆ ಪುಣೆಗೇ ಬರುತ್ತದೆ. 1953ರ ಮೇ ತಿಂಗಳು. ರತ್ನಾಗಿರಿ ಜಿಲ್ಲೆಯ ಪಾಲ್ಶೆತ್ ಕಡಲ ತೀರದಲ್ಲಿ ಇಪ್ಪತ್ತರ ಹುಡುಗನೊಬ್ಬ ಬಿದ್ದು ತೊಡೆಮೂಳೆ ಮುರಿದುಕೊಂಡ. ತಂದೆಯೂ ಡಾಕ್ಟರೇ. ಮಗನನ್ನು ಪುಣೆಯ ಒಂದು ಆಸ್ಪತ್ರೆಗೆ ಕರೆತಂದರು. ಅಲ್ಲಿ ಸರಿಯಾಗಿ ಅರಿವಳಿಕೆ ಕೊಡದೆ ಬಲವಂತದಿಂದ ಮೂಳೆ ಕೂರಿಸಿದರು. ಹುಡುಗ ಉಳಿಯಲಿಲ್ಲ. ಜೋಶಿ ವಿರುದ್ಧ ಗೋಡ್ಬೋಲೆ ಎಂದು ಹೆಸರಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪು ಕೊಟ್ಟಿತು. ಡಾಕ್ಟರಿಗೆ ಮೂರು ಜಾಗದಲ್ಲಿ ಎಚ್ಚರ ಬೇಕು ಎಂದಿತು. ಈ ರೋಗಿಯನ್ನು ತಾನು ನೋಡಬಲ್ಲೆನೇ ಎಂದು ತೀರ್ಮಾನಿಸುವಾಗ. ಯಾವ ಚಿಕಿತ್ಸೆ ಕೊಡಬೇಕು ಎಂದು ತೀರ್ಮಾನಿಸುವಾಗ. ಆ ಚಿಕಿತ್ಸೆಯನ್ನು ಕೊಡುವಾಗ.

ಮೂಳೆ ಮುರಿದ ಹುಡುಗನ ಕೇಸಿನಿಂದ ಬಂದ ಈ ಮಾತು ಫಿಟ್ಸ್ ಇರುವ ಬಸುರಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಸಣ್ಣ ನರ್ಸಿಂಗ್ ಹೋಮಿನ ಹೆರಿಗೆ ಡಾಕ್ಟರು, ನರರೋಗ ತಜ್ಞರ ಸಲಹೆ ಕೇಳದೆ, ತಾನೊಬ್ಬರೇ ಇದನ್ನು ನಿಭಾಯಿಸುತ್ತೇನೆ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವಿದ ಹಾಗೆ. ಹದಿನೆಂಟರ ಹುಡುಗಿಗೆ ಮುಂದೆ ಮಗು ಬೇಕಾದೀತು ಅನ್ನುವ ಯೋಚನೆಯೇ ಇಲ್ಲದೆ ವ್ಯಾಲ್ಪ್ರೊಯೇಟ್ ಬರೆದರೆ ಎರಡನೆಯದರಲ್ಲಿ. ಡೋಸ್ ಏರಿಸಬೇಕಾದ ತಿಂಗಳಲ್ಲಿ ನೋಡದೆ ಬಿಟ್ಟರೆ ಮೂರನೆಯದರಲ್ಲಿ.

ಒಪ್ಪಿಗೆಯ ವಿಷಯಕ್ಕೆ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ಮುಖ್ಯ. 44 ವರ್ಷದ ಮಹಿಳೆ ಬರೀ ಪರೀಕ್ಷೆಗಾಗಿ ಹೊಟ್ಟೆಯೊಳಗೆ ದುರ್ಬೀನು ಹಾಕಿಸಿಕೊಳ್ಳಲು ಒಪ್ಪಿದ್ದರು. ಅರಿವಳಿಕೆಯಲ್ಲಿ ಇದ್ದಾಗಲೇ ಡಾಕ್ಟರು ಹೊರಗೆ ಕೂತಿದ್ದ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಕೋಶ ತೆಗೆದರು. ಜೀವಕ್ಕೆ ತುರ್ತು ಇರಲಿಲ್ಲ. ವಯಸ್ಸಿಗೆ ಬಂದ ಹೆಂಗಸಿನ ಪರವಾಗಿ ತಾಯಿ ಒಪ್ಪುವ ಹಾಗಿಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. ಚಿಕಿತ್ಸೆ ಏನು, ಅದರಿಂದ ಏನು ಲಾಭ, ಏನು ಅಪಾಯ, ಬೇರೆ ದಾರಿ ಏನಿದೆ, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ, ಇಷ್ಟನ್ನು ತಿಳಿಸಿದ ಮೇಲೆ ಕೊಟ್ಟದ್ದು ಮಾತ್ರ ಒಪ್ಪಿಗೆ.

ಈ ಅಳತೆಯಲ್ಲಿ ನಮ್ಮ 'ಹೈ ರಿಸ್ಕ್' ಕಾಗದವನ್ನು ಇಟ್ಟು ನೋಡಿ. ಅದರಲ್ಲಿ ಮಾತ್ರೆಯ ಹೆಸರಿಲ್ಲ, ಯಾವ ಅಪಾಯ ಅಂತಿಲ್ಲ, ಬೇರೆ ದಾರಿ ಇದೆಯೇ ಅಂತಿಲ್ಲ. 'ಎಲ್ಲ ತಿಳಿಸಿದ್ದಾರೆ' ಎಂಬ ಒಂದು ಅಚ್ಚಾದ ಸಾಲು, ಕೆಳಗೆ ನಡುಗುವ ಕೈಯ ಸಹಿ. ಈ ಕಾಗದ ಆಸ್ಪತ್ರೆಗೆ ಕವಚ ಅಂತ ಆಡಳಿತದವರು ನಂಬಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಅದು ತೀರಾ ತೆಳುವಾದ ಕವಚ. ರೋಗಿಗೆ ಅವಳ ಭಾಷೆಯಲ್ಲಿ ವಿವರಿಸಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ ರೋಗಿಗಳ ಹಕ್ಕುಪತ್ರದಲ್ಲಿದೆ. ಮಹಾರಾಷ್ಟ್ರ ಸರ್ಕಾರ ಕೂಡ 2021ರಲ್ಲಿ ನರ್ಸಿಂಗ್ ಹೋಮ್ ನಿಯಮಗಳಿಗೆ ತಿದ್ದುಪಡಿ ತಂದು ರೋಗಿಗಳ ಹಕ್ಕುಗಳ ಪಟ್ಟಿಯನ್ನು ಸೇರಿಸಿದೆ. ಮುಂಬೈನ ಸಯನ್, ಪರೇಲ್ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ, ಪುಣೆಯ ಸಸೂನ್‌ನಲ್ಲಿ, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜಿನಲ್ಲಿ ಸಾಲು ನಿಂತವರ ನಡುವೆ ಕನ್ನಡದ ಮಾತು ಕಿವಿಗೆ ಬೀಳದ ದಿನ ಇಲ್ಲ. ಅವರಲ್ಲಿ ಎಷ್ಟೋ ಜನರಿಗೆ ಮಾತು ತಿಳಿಸಿಕೊಡುವವರು ಜೊತೆಗೆ ಬಂದ ಹತ್ತು ಹನ್ನೆರಡು ವರ್ಷದ ಮಗ. ಅಮ್ಮನ ಗರ್ಭದ ವಿಷಯವನ್ನು ಆ ಹುಡುಗ ಹೇಗೆ ಹೇಳಬೇಕು?

ಎಷ್ಟು ಹೇಳಿದರೆ ಸಾಕು ಅನ್ನುವುದರಲ್ಲಿ ನಮ್ಮ ಕೋರ್ಟ್ ಇನ್ನೂ ಡಾಕ್ಟರ ಕಡೆಗೇ ಸ್ವಲ್ಪ ವಾಲಿದೆ. ಇಂಥ ಸಂದರ್ಭದಲ್ಲಿ ಜವಾಬ್ದಾರಿಯುತ ಡಾಕ್ಟರು ಎಷ್ಟು ಹೇಳುತ್ತಿದ್ದರೋ ಅಷ್ಟು, ಎಂಬುದು ಇಲ್ಲಿನ ಅಳತೆ. ಬ್ರಿಟನ್‌ನಲ್ಲಿ 2015ರ ಮಾಂಟ್‌ಗೊಮರಿ ತೀರ್ಪು ಅದನ್ನು ತಿರುಗಿಸಿತು. ಅದೂ ಒಬ್ಬ ಬಸುರಿಯದೇ ಕೇಸು. ಸಕ್ಕರೆ ಕಾಯಿಲೆ ಇದ್ದ ಆಕೆಗೆ ಹೆರಿಗೆಯಲ್ಲಿ ಮಗುವಿನ ಹೆಗಲು ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ 9-10 ಇತ್ತು. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಅಂತ ಡಾಕ್ಟರು ಹೇಳಲಿಲ್ಲ. ಅವಳ ಜಾಗದಲ್ಲಿ ಇರುವ ಹೆಂಗಸಿಗೆ ಏನು ಮುಖ್ಯವೋ ಅದನ್ನು ಹೇಳಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಾವೂ ಅಲ್ಲಿಗೆ ಹೋಗಬೇಕು ಅನ್ನುವುದು ನನ್ನ ಅನಿಸಿಕೆ. ಆದರೆ ವ್ಯಾಲ್ಪ್ರೊಯೇಟ್ ವಿಷಯಕ್ಕೆ ಅಷ್ಟು ದೂರ ಹೋಗುವುದೂ ಬೇಡ. ನೂರಕ್ಕೆ 10ರ ಅಪಾಯವನ್ನು ಜವಾಬ್ದಾರಿಯುತ ಡಾಕ್ಟರು ಯಾರೂ ಮುಚ್ಚಿಡುವುದಿಲ್ಲ. ಚೆನ್ನೈನಲ್ಲಿ 1996ರಲ್ಲಿ ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಕಣ್ಣಿನ ಪರೀಕ್ಷೆ ಬೇಕು ಎಂದು ಹೆತ್ತವರಿಗೆ ಯಾರೂ ಹೇಳಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹೇಳದೆ ಇದ್ದದ್ದೂ ಅಲ್ಲಿ ನಿರ್ಲಕ್ಷ್ಯವಾಯಿತು.

ತಡವಾಗಿ ಹೇಳುವುದರಿಂದ ಇನ್ನೊಂದು ನಷ್ಟವಿದೆ. 2021ರ ತಿದ್ದುಪಡಿಯ ನಂತರ ಗರ್ಭಪಾತದ ಕಾನೂನಿನಲ್ಲಿ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರ, ಕಾನೂನು ಹೇಳಿದ ಗುಂಪಿನವರಿಗೆ, ಇಬ್ಬರದು ಬೇಕು. 24 ದಾಟಿದರೆ ಮಗುವಿನಲ್ಲಿ ದೊಡ್ಡ ದೋಷ ಕಂಡಾಗ ಮೆಡಿಕಲ್ ಬೋರ್ಡ್. ದೋಷ ಹುಡುಕುವ ವಿವರವಾದ ಸೋನೋಗ್ರಫಿ ಮಾಡುವುದು ಸಾಮಾನ್ಯವಾಗಿ 18ರಿಂದ 20 ವಾರದ ಹೊತ್ತಿಗೆ. ಆರನೇ ತಿಂಗಳಲ್ಲಿ ವಿಷಯ ಗೊತ್ತಾದವಳಿಗೆ ಯೋಚಿಸಲು ಎಷ್ಟು ದಿನ ಉಳಿಯಿತು? ಉಳಿಸಿಕೊಳ್ಳಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟದ್ದು. ವಯಸ್ಸಿಗೆ ಬಂದ ಹೆಂಗಸಿಗೆ ಗಂಡನ ಒಪ್ಪಿಗೆ ಕೂಡ ಆ ಕಾನೂನಿನಲ್ಲಿ ಬೇಕಿಲ್ಲ. ಆದರೆ ಹೊತ್ತು ಮೀರಿದ ಮೇಲೆ ಕಾಗದದ ಮೇಲಿನ ಹಕ್ಕಿನಿಂದ ಏನು ಬಂತು?

ಅತ್ತೆಯ ಎದುರು ಕೇಳುವ ಪ್ರಶ್ನೆ

ಡಾಕ್ಟರುಗಳ ಕಡೆಯಿಂದಲೂ ಒಂದು ದೂರಿದೆ, ಅದು ನಿಜ. "ಫಿಟ್ಸ್ ಇದೆ ಅಂತ ಅವರೇ ಹೇಳಲ್ಲ. ನಾವೇನು ಮಾಡೋಣ?"

ಹೇಳದೆ ಇರುವುದಕ್ಕೆ ಕಾರಣ ಇದೆ. 1999ರವರೆಗೆ ಹಿಂದೂ ವಿವಾಹ ಕಾನೂನಿನಲ್ಲೇ ಮತ್ತೆ ಮತ್ತೆ ಬರುವ ಮೂರ್ಛೆ ರೋಗ ಮದುವೆಗೆ ಅಡ್ಡಿ ಎಂದಿತ್ತು. ತಿದ್ದುಪಡಿ ತಂದು ಆ ಪದ ತೆಗೆದರು. ಕಾನೂನಿನಿಂದ ಹೋದದ್ದು ಮನೆಗಳಿಂದ ಹೋಗಿಲ್ಲ. 2023ರಲ್ಲೂ ಒಬ್ಬ ಗಂಡ ಹೆಂಡತಿಯ ಮೂರ್ಛೆ ರೋಗವನ್ನು ಮುಂದೆ ಮಾಡಿ ವಿಚ್ಛೇದನ ಕೇಳಿದ್ದ. ಅದು ವಾಸಿಯಾಗದ ಕಾಯಿಲೆಯೂ ಅಲ್ಲ, ಮನೋರೋಗವೂ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಬೇಕಾಯಿತು. ನಮ್ಮ ಊರುಗಳಲ್ಲಿ ಈಗಲೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಗಂಡಿನ ಕಡೆಯವರಿಗೆ ತಿಳಿಯಬಾರದು ಅಂತ ಮಾತ್ರೆಯನ್ನು ಬಿಕಾಂಪ್ಲೆಕ್ಸ್ ಡಬ್ಬಿಯಲ್ಲಿ ಹಾಕಿ ಕಳಿಸಿದ ತಾಯಿಯೊಬ್ಬರನ್ನು ನಾನು ಬಲ್ಲೆ.

ಅಂಥ ಹುಡುಗಿಯನ್ನು ಅತ್ತೆ ಪಕ್ಕದಲ್ಲಿ ಕೂತಿರುವಾಗ "ಹಿಂದೆ ಏನಾದ್ರೂ ಕಾಯಿಲೆ ಇತ್ತಾ?" ಅಂತ ಕೇಳಿದರೆ ಅವಳು ಏನು ಹೇಳಿಯಾಳು? ರೋಗಿಯ ಗುಟ್ಟು ಕಾಪಾಡಬೇಕು ಅನ್ನುವುದು ಡಾಕ್ಟರುಗಳ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ನನ್ನ ಓದಿನಲ್ಲಿ ಗುಟ್ಟು ಕಾಪಾಡುವ ಕರ್ತವ್ಯ ಗುಟ್ಟಾಗಿ ಕೇಳುವ ಕರ್ತವ್ಯದಿಂದಲೇ ಶುರುವಾಗುತ್ತದೆ. "ಅಮ್ಮಾ, ನೀವು ಎರಡು ನಿಮಿಷ ಹೊರಗೆ ಕೂತ್ಕೊಳ್ಳಿ" ಅನ್ನಲು ಹಣ ಬೇಡ, ಯಂತ್ರ ಬೇಡ.

ತುರ್ತಿನಲ್ಲಿ

ಎಂಟನೇ ತಿಂಗಳಲ್ಲಿ ಫಿಟ್ಸ್ ಬಂತು. ಹಳೇ ಮೂರ್ಛೆ ರೋಗವೇ, ಅಥವಾ ಬಿಪಿ ಏರಿ ಬರುವ ಎಕ್ಲಾಂಪ್ಸಿಯಾವೇ? 20 ವಾರ ದಾಟಿದ ಬಸುರಿಗೆ ಫಿಟ್ಸ್ ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಎಕ್ಲಾಂಪ್ಸಿಯಾ ಎಂದೇ ಹಿಡಿದು ಚಿಕಿತ್ಸೆ ಮಾಡುವುದು ರೂಢಿ. ಅದಕ್ಕೆ ಮದ್ದು ಮೆಗ್ನೀಸಿಯಂ ಸಲ್ಫೇಟ್. ಹಳೇದು, ಅಗ್ಗದ್ದು. ಬಿಪಿ ಏರಿದವರಿಗೆ ಮುಂಚೆಯೇ ಕೊಟ್ಟರೆ ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ ಎಂದು 33 ದೇಶಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ ತೋರಿಸಿತು. ಆದರೆ ಅದೇ ಇಂಜೆಕ್ಷನ್ ಮಯಸ್ತೇನಿಯಾ ಇರುವವಳಿಗೆ ಕೊಟ್ಟರೆ ಸ್ನಾಯುಗಳು ಸೋತು ಉಸಿರೇ ನಿಲ್ಲಬಹುದು. ಮಯಸ್ತೇನಿಯಾ ಅಂದರೆ ರೆಪ್ಪೆ ಜೋಲುವುದು, ಸಂಜೆಯ ಹೊತ್ತಿಗೆ ಸ್ನಾಯು ದಣಿಯುವುದು. ಕೇಸ್ ಪೇಪರಿನಲ್ಲಿ ಆ ಒಂದು ಪದ ಇರಬೇಕು. ನರರೋಗ ತಜ್ಞರು ಬರೆದಿದ್ದನ್ನು ಹೆರಿಗೆ ಕೋಣೆಯಲ್ಲಿ ಇರುವವರು ಓದಿರಬೇಕು. ಇಷ್ಟೇ ಬೇಕಾದದ್ದು, ಇದೇ ತಪ್ಪುವುದು.

ಇನ್ನೊಂದು, ಬಾಣಂತಿಯ ತಲೆನೋವು. ನಮ್ಮಲ್ಲಿ ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಎಂಬ ಪದ್ಧತಿ ಇನ್ನೂ ಇದೆ. ಹೆರಿಗೆಯಾದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ಮೈಯಲ್ಲಿ ನೀರೂ ಒಣಗಿದರೆ ಮಿದುಳಿನ ಸಿರೆಗಳಲ್ಲಿ ರಕ್ತ ಗಟ್ಟಿಯಾಗುವ ಅಪಾಯ ಏರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು ದಶಕಗಳಿಂದ ಇದನ್ನು ನೋಡಿ ಬರೆದಿದ್ದಾರೆ. ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಒಂದು ಕೈ ಸೋಲುವುದು, ಆಮೇಲೆ ಫಿಟ್ಸ್. ಇದನ್ನು 'ಶೀತ', 'ನಿದ್ದೆಗೆಟ್ಟಿದ್ದು' ಅಂತ ಮಾತ್ರೆ ಕೊಟ್ಟು ಕಳಿಸಿದರೆ ಆ ಡಾಕ್ಟರು ನಾಳೆ ಉತ್ತರ ಕೊಡಬೇಕಾಗುತ್ತದೆ. "ಬಸುರಿ, ಸ್ಕ್ಯಾನ್ ಮಾಡಂಗಿಲ್ಲ" ಅನ್ನುವುದೂ ಹಾಗೇ. ತಲೆಯ ಸಿಟಿ ಸ್ಕ್ಯಾನಿನಲ್ಲಿ ಗರ್ಭಕ್ಕೆ ತಲುಪುವ ವಿಕಿರಣ ತೀರಾ ಅಲ್ಪ. ಎಂಆರ್‌ಐ ಕೂಡ ಮಾಡಬಹುದು, ಚಿತ್ರ ಚೆನ್ನಾಗಿ ಕಾಣಲೆಂದು ಕೊಡುವ ಬಣ್ಣದ ಔಷಧ ಮಾತ್ರ ಆದಷ್ಟು ತಪ್ಪಿಸುತ್ತಾರೆ. ಬೇಕಾದ ಸ್ಕ್ಯಾನ್ ತಡೆದು ಕಾಯಿಲೆ ಬಿಟ್ಟುಹೋದರೆ ಅದು ಎಚ್ಚರಿಕೆ ಅನ್ನಿಸಿಕೊಳ್ಳುವುದಿಲ್ಲ.

ಫಿಟ್ಸ್ ಬಂದು ಎಚ್ಚರ ತಪ್ಪಿದವಳ ಸಹಿಗೆ ಕಾಯಬೇಕೇ? ಬೇಡ. ಜೀವಕ್ಕೆ ತುರ್ತು ಇದ್ದರೆ ಅವಳ ಒಳಿತಿಗಾಗಿ ಒಪ್ಪಿಗೆ ಇಲ್ಲದೆಯೂ ಚಿಕಿತ್ಸೆ ಮಾಡಲು ಕಾನೂನು ಬಿಡುತ್ತದೆ. ಗಂಡ ಊರಿನಿಂದ ಬರಲಿ ಅಂತ ಕಾಯುವುದು, ದುಡ್ಡು ಕಟ್ಟಲಿ ಅಂತ ಕಾಯುವುದು ಎರಡೂ ತಪ್ಪು. ತುರ್ತು ಚಿಕಿತ್ಸೆ ಎಲ್ಲ ಡಾಕ್ಟರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆದರೂ 2025ರಲ್ಲಿ ಪುಣೆಯಲ್ಲಿ ಅವಳಿ ಮಕ್ಕಳ ಗರ್ಭಿಣಿಯೊಬ್ಬರಿಗೆ ಲಕ್ಷಗಟ್ಟಲೆ ಮುಂಗಡ ಕೇಳಿದರು ಎಂಬ ಆರೋಪ ಬಂತು. ಆಕೆ ಹೆರಿಗೆಯ ನಂತರ ತೀರಿಕೊಂಡಾಗ ಇಡೀ ಮಹಾರಾಷ್ಟ್ರ ಅದನ್ನೇ ಮಾತಾಡಿತು.

ತವರಿಗೆ ಹೋಗುವ ದಾರಿಯಲ್ಲಿ ಕಳೆದುಹೋಗುವುದು

ಮುಂಬೈ, ಪುಣೆ, ಗೋವಾದ ಕನ್ನಡದವರಿಗೆ ಒಂದು ವಿಶೇಷ ತೊಡಕಿದೆ. ಚೊಚ್ಚಲ ಹೆರಿಗೆ ತವರಲ್ಲಿ. ಏಳನೇ ತಿಂಗಳಲ್ಲಿ ಸೀಮಂತವೋ ಕುಬಸವೋ ಆಗುತ್ತದೆ. ಆಮೇಲೆ ಕುಂದಾಪುರಕ್ಕೋ ಹಾವೇರಿಗೋ ಕಲಬುರಗಿಗೋ ಪಯಣ. ನರರೋಗದ ಡಾಕ್ಟರು ಇಲ್ಲಿ, ಹೆರಿಗೆ ಡಾಕ್ಟರು ಅಲ್ಲಿ. ನಡುವೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಇಟ್ಟ ಚೀಟಿಗಳು. ಡೋಸ್ ಏರಿಸಬೇಕಾದ ತಿಂಗಳುಗಳು ಸರಿಯಾಗಿ ಅವೇ. ಅಲ್ಲಿ ಹೊಸ ಡಾಕ್ಟರಿಗೆ ಮುಂಬೈ ಚೀಟಿಯ ಅಕ್ಷರ ಓದಲು ಬರುವುದಿಲ್ಲ, ಇಲ್ಲಿನವರಿಗೆ ಅವಳು ಹೋದದ್ದೇ ಗೊತ್ತಿರುವುದಿಲ್ಲ.

ಆಗ ಫೋನು. "ಡಾಕ್ಟ್ರೇ, ಫಿಟ್ಸ್ ಬಂತು." "ಇನ್ನೊಂದು ಮಾತ್ರೆ ಕೊಡಿ." 2020ರಿಂದ ಫೋನಿನಲ್ಲಿ ಸಲಹೆ ಕೊಡಲು ಸರ್ಕಾರದ ಮಾರ್ಗಸೂಚಿ ಇದೆ, ಅದು ತಪ್ಪಲ್ಲ. ಆದರೆ ಫೋನಿನಲ್ಲಿ ಸಾಧ್ಯವೋ, ಕಣ್ಣಾರೆ ನೋಡಲೇಬೇಕೋ ಅನ್ನುವ ತೀರ್ಮಾನ ಡಾಕ್ಟರದೇ ಹೊಣೆ. ರತ್ನಾಗಿರಿಯಲ್ಲಿ ಸಿಸೇರಿಯನ್ ಆದ ಬಾಣಂತಿಗೆ ನೋಡದೆ ಫೋನಿನಲ್ಲೇ ಔಷಧ ಹೇಳಿದ ಪ್ರಕರಣದಲ್ಲಿ ಆಕೆ ಉಳಿಯಲಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್ ಆ ಡಾಕ್ಟರುಗಳಿಗೆ ನಿರೀಕ್ಷಣಾ ಜಾಮೀನು ಕೊಡಲಿಲ್ಲ. ರೋಗ ಏನೆಂದು ನೋಡದೆ ಔಷಧ ಬರೆಯುವುದು ಶಿಕ್ಷೆಗೆ ತಕ್ಕ ನಿರ್ಲಕ್ಷ್ಯ ಎಂದಿತು.

ಹೊರಡುವ ಮುಂಚೆ ಒಂದು ಪುಟದ ಪತ್ರ ಕೇಳಿ ಪಡೆಯಿರಿ. ಕಾಯಿಲೆಯ ಹೆಸರು, ಮಾತ್ರೆ, ಡೋಸ್, ಯಾವಾಗ ಏರಿಸಬೇಕು, ಏನು ಕೊಡಬಾರದು, ಹೆರಿಗೆ ನಂತರ ಏನು ಇಳಿಸಬೇಕು. ಇದು ನಿಮ್ಮ ಹಕ್ಕು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ಅದೇ ನಿಯಮಗಳು ಹೇಳುತ್ತವೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಲೂ ಬೇಕು.

ತಪ್ಪಾದರೆ ಎಲ್ಲಿಗೆ ಹೋಗುವುದು? ಹಣ ಕೊಟ್ಟು ಪಡೆದ ಚಿಕಿತ್ಸೆಗೆ ಗ್ರಾಹಕ ಆಯೋಗ ಇದೆ, ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನಿಂದ. ಎರಡು ವರ್ಷದೊಳಗೆ ಹೋಗಬೇಕು. 2019ರ ಕಾನೂನಿನಲ್ಲಿ ನೀವು ಇರುವ ಊರಿನಲ್ಲೇ ದೂರು ಕೊಡಬಹುದು. ಹೆರಿಗೆ ಉಡುಪಿಯಲ್ಲಿ ಆಗಿದ್ದರೂ ಮುಂಬೈ ಪಕ್ಕದ ಠಾಣೆ ನಗರದಲ್ಲಿ ವಾಸ ಇರುವವರು ಅಲ್ಲಿನ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಗೆ ಇದು ಅನ್ವಯಿಸುವುದಿಲ್ಲ, ಕೇಸ್ ಪೇಪರಿಗೆ ಹತ್ತು ರೂಪಾಯಿ ಕೊಟ್ಟಿದ್ದರೂ. ಅಲ್ಲಿ ಸಿವಿಲ್ ಕೋರ್ಟ್, ಹೈಕೋರ್ಟ್ ದಾರಿ. ಡಾಕ್ಟರ ನಡವಳಿಕೆಯ ಬಗ್ಗೆ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡುವ ದಾರಿ ಎಲ್ಲರಿಗೂ ತೆರೆದಿದೆ.

ಪೊಲೀಸರ ಬಳಿ ಓಡುವ ಮುಂಚೆ ನಿಧಾನಿಸಿ ಅನ್ನುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಡಾಕ್ಟರಿಗೆ ಎರಡು ವರ್ಷದವರೆಗೆ ಜೈಲು ಇದೆ. ಆದರೆ ಕ್ರಿಮಿನಲ್ ಕೇಸಿಗೆ ನಿರ್ಲಕ್ಷ್ಯ ತೀರಾ ದೊಡ್ಡದಾಗಿರಬೇಕು, ಬೇರೆ ಡಾಕ್ಟರ ನಿಷ್ಪಕ್ಷ ಅಭಿಪ್ರಾಯ ಬೇಕು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಅದು ಸರಿಯೇ. ಎಲ್ಲ ಸರಿಯಾಗಿ ಮಾಡಿದರೂ ಮಗುವಿಗೆ ದೋಷ ಬರಬಹುದು, ತಾಯಿ ಹೋಗಬಹುದು. ಬೇರೆ ಮಾತ್ರೆಗೆ ಬಗ್ಗದ ಫಿಟ್ಸ್ ಇರುವವಳಿಗೆ, ಎಲ್ಲ ವಿವರಿಸಿ, ಕಡಿಮೆ ಡೋಸಿನಲ್ಲಿ ವ್ಯಾಲ್ಪ್ರೊಯೇಟನ್ನೇ ಮುಂದುವರಿಸಿ, ಹಾಗೆ ಏಕೆ ಮಾಡಿದೆ ಎಂದು ಬರೆದಿಟ್ಟ ಡಾಕ್ಟರು ಕಾನೂನಿಗೆ ಹೆದರಬೇಕಾಗಿಲ್ಲ. ಹೆದರಿಕೆಯಿಂದ "ಬೇರೆ ಕಡೆ ಕರ್ಕೊಂಡು ಹೋಗಿ" ಅನ್ನುವ ಡಾಕ್ಟರುಗಳು ಹೆಚ್ಚಾದರೆ ಅದರ ಪೆಟ್ಟು ಬೀಳುವುದೂ ಇದೇ ಹೆಣ್ಣುಮಕ್ಕಳ ಮೇಲೆ.

ಆ ದಿನ ಓಪಿಡಿಯಲ್ಲಿ ನಾನು ನರ್ಸ್‌ಗೆ ಹೇಳಿದೆ, ಇವಳದ್ದೊಂದು ಪ್ರಶ್ನೆ ಇದೆ, ಉತ್ತರ ಸಿಗದೆ ಸಹಿ ಮಾಡುವುದಿಲ್ಲ ಅಂತ. ಬೈದರು. ಒಂದೂವರೆ ಗಂಟೆ ಕಾಯಿಸಿದರು. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಬಂದು ಸ್ಟೂಲು ಎಳೆದುಕೊಂಡು ಎದುರು ಕೂತರು. ಹಿಂದಿಯಲ್ಲಿ ನಿಧಾನಕ್ಕೆ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಈಗ ಮಾತ್ರೆ ಬದಲಿಸಿದರೆ ಏನು, ಬದಲಿಸದಿದ್ದರೆ ಏನು, ಮುಂದಿನ ವಾರ ಸೋನೋಗ್ರಫಿಯಲ್ಲಿ ಏನೇನು ನೋಡುತ್ತಾರೆ, ಅದರಲ್ಲಿ ಏನು ಕಾಣುವುದಿಲ್ಲ. ಹುಡುಗಿ ಅತ್ತಳು. ಮೂಗು ಒರೆಸಿಕೊಂಡು ಮತ್ತೆ ಎರಡು ಪ್ರಶ್ನೆ ಕೇಳಿದಳು. ಅವರು ಅದಕ್ಕೂ ಉತ್ತರಿಸಿದರು. ಕೇಸ್ ಪೇಪರಿನ ಹಿಂದೆ ಕನ್ನಡದಲ್ಲಿ ಬರೆದುಕೊಡಿ ಎಂದು ನನಗೆ ಹೇಳಿದರು. ಬರೆದೆ. ಏಳನೇ ಕ್ಲಾಸು ಓದಿದ ಅವಳು ಅದನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಅಲ್ಲಿಯವರೆಗೆ ಡಾಕ್ಟರ್ ಎದ್ದು ಹೋಗಲಿಲ್ಲ. ಅವಳು ಓದಿ ಮುಗಿಸಿದ ಮೇಲೆ ಕೆಳಗೆ ತಮ್ಮ ಸಹಿ, ತಾರೀಕು ಹಾಕಿದರು.